ಜೀವಂತ ಕೋಶದ ಸಾಕ್ಷ್ಯ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಹಿರಿಯರಿಗೆ ಸೇಂದಿಯ ಪರಿಚಯವನ್ನು ಹೇಳಬೇಕಾಗಿಲ್ಲ. ಈಚಲು ಮರದಿಂದ ಇಳಿಸಿದ ಸಿಹಿರಸ ಕೆಲವು ಗಂಟೆಗಳಲ್ಲೇ ನೊರೆಯೆದ್ದು ಅಮಲಿನ ಪೇಯವಾಗುತ್ತದೆ. 1956ರವರೆಗೆ ಈ ಸೀಮೆಯನ್ನು ಒಳಗೊಂಡಿದ್ದ ಹೈದರಾಬಾದು ರಾಜ್ಯದ ಬೊಕ್ಕಸಕ್ಕೆ ಅಬಕಾರಿಯೂ ಒಂದು ಮುಖ್ಯ ಆದಾಯವಾಗಿತ್ತು. ಆ ನೊರೆಯನ್ನೆಬ್ಬಿಸುವ ಏಕಕೋಶ ಜೀವಿಯೇ ಯೀಸ್ಟ್. ಜೀವಕೋಶದ ಅತಿ ಸೂಕ್ಷ್ಮ ವ್ಯವಹಾರವೊಂದನ್ನು ಅರಿಯಲು ಅದೇ ಜೀವಿ ನೆರವಾದ ಚರಿತ್ರೆ ತಿಳಿಯತಕ್ಕದ್ದು.

ಮದ್ಯವನ್ನು ಹುದುಗಿಸುವ ದ್ರವ್ಯಕ್ಕೆ ನಮ್ಮ ಪ್ರಾಚೀನರು ಕಿಣ್ವವೆಂದರು; ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಆ ಮಾತಿದೆ. ಇಂದು ಕನ್ನಡದಲ್ಲಿ ಕಿಣ್ವವೆಂದರೆ ಎನ್‌ಜೈಮ್. 1877ರಲ್ಲಿ ಜರ್ಮನಿಯ ಕ್ಯೂನೆ ರೂಪಿಸಿದ ಆ ಪದಕ್ಕೂ ಗ್ರೀಕಿನಲ್ಲಿ ‘ಹುದುಗಿನೊಳಗೆ’ ಎಂದೇ ಅರ್ಥ. ಹುದುಗುವಿಕೆ ಜೀವಂತ ಕೋಶದ ಕಾರ್ಯವೆಂದು ಪಾಶ್ಚರ್ ಸಾಧಿಸಿದ್ದನು. 1897ರಲ್ಲಿ ಬುಕ್ನರ್ ಯೀಸ್ಟನ್ನು ಅರೆದು, ಜೀವವಿಲ್ಲದ ಅದರ ರಸವೂ ಸಕ್ಕರೆಯನ್ನು ಹುದುಗಿಸುವುದನ್ನು ತೋರಿಸಿದನು. ಕೋಶವನ್ನು ಒಡೆದು ನೋಡುವ ಈ ಮಾರ್ಗ ಬಹುಕಾಲ ರಾಜಮಾರ್ಗವಾಯಿತು.

ಆದರೆ ಈ ಮಾರ್ಗ ಕೋಶದ ಪೊರೆಯ ಬಳಿ ತೊಡಕಿಗೆ ಸಿಲುಕಿತು. ಪೊರೆಯೆಂದರೆ ಜಿಡ್ಡಿನ ಎರಡು ಪದರ. ಅದರಲ್ಲಿ ನೆಟ್ಟ ಪ್ರೋಟೀನುಗಳೇ ಕೋಶದ ಬಾಗಿಲು, ಕಾವಲು. ಇಂದಿನ ಔಷಧಿಗಳಲ್ಲಿ ಅರ್ಧಕ್ಕೂ ಹೆಚ್ಚು ಇವುಗಳ ಮೇಲೆಯೇ ಕೆಲಸ ಮಾಡುತ್ತವೆ. ಜಿಡ್ಡಿನಿಂದ ಬಿಡಿಸಿ ತೆಗೆದರೆ ಇವುಗಳಲ್ಲಿ ಹಲವು ರೂಪಗೆಡುತ್ತವೆ. ಯಾವುದು ಯಾವುದರೊಡನೆ ಕೂಡಿತ್ತೆಂಬ ಸುಳಿವೂ ಅಳಿಸಿಹೋಗುತ್ತದೆ.

1989ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಫೀಲ್ಡ್ಸ್ ಮತ್ತು ಓಕ್-ಕ್ಯೂ ಸಾಂಗ್ ಬೇರೊಂದು ದಾರಿ ತೆರೆದರು. ಜೀನನ್ನು ಎಚ್ಚರಿಸುವ ಪ್ರೋಟೀನನ್ನು ಎರಡಾಗಿಸಿ, ಪರೀಕ್ಷಿಸಬೇಕಾದ ಎರಡು ಪ್ರೋಟೀನುಗಳಿಗೆ ಒಂದೊಂದು ತುಂಡನ್ನು ಅಂಟಿಸಿದರು. ಅವೆರಡೂ ಯೀಸ್ಟಿನೊಳಗೆ ಕೂಡಿದರೆ ಜೀನು ಎಚ್ಚರಗೊಳ್ಳುತ್ತದೆ. ಆದರೆ ಈ ಭೇಟಿ ಕೋಶಕೇಂದ್ರದಲ್ಲಿಯೇ ನಡೆಯಬೇಕು. ಪೊರೆಯಲ್ಲಿ ನೆಟ್ಟದ್ದು ಅಲ್ಲಿಗೆ ಹೋಗಲಾರದು.

1994ರಲ್ಲಿ ಜಾನ್ಸನ್ ಮತ್ತು ವರ್ಷಾವ್‌ಸ್ಕಿ, 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಸೀಳಿ ಹೊಸ ಉಪಾಯವನ್ನು ಕಂಡರು. 1998ರಲ್ಲಿ ಸ್ಟಾಗ್ಲಿಯಾರ್ ಮತ್ತು ಸಂಗಡಿಗರು ಅದನ್ನು ಪೊರೆಯ ಪ್ರೋಟೀನುಗಳಿಗೆ ಹೊಂದಿಸಿದರು. ಒಂದು ಹೋಳಿನ ಬಾಲಕ್ಕೆ ದೂತನೊಬ್ಬನನ್ನು ಕಟ್ಟಿರುತ್ತಾರೆ. ಪೊರೆಯಲ್ಲಿ ಎರಡು ಪ್ರೋಟೀನುಗಳು ಕೂಡಿದರೆ ಹೋಳುಗಳೂ ಕೂಡುತ್ತವೆ. ಕೋಶದ ಕಿಣ್ವವೊಂದು ಅದನ್ನು ಗುರುತಿಸಿ ದೂತನನ್ನು ಕತ್ತರಿಸಿ ಬಿಡುತ್ತದೆ. ಅವನು ಕೋಶಕೇಂದ್ರಕ್ಕೆ ಹೋಗಿ ಜೀನನ್ನು ಎಚ್ಚರಿಸುತ್ತಾನೆ. ಆಗ, ಬೇಕಾದ ಪೋಷಕವೊಂದಿಲ್ಲದ ತಟ್ಟೆಯಲ್ಲಿಯೂ ಯೀಸ್ಟ್ ಬೆಳೆಯುತ್ತದೆ. ಆ ಬೆಳವಣಿಗೆಯೇ ಭೇಟಿಯ ಸಾಕ್ಷಿ. ಸಾಕ್ಷಿ ಒಮ್ಮೊಮ್ಮೆ ಸುಳ್ಳಾಡುವುದೂ ಉಂಟು. ಆದ್ದರಿಂದ ಬೇರೆ ಪ್ರಯೋಗಗಳಿಂದ ಅದನ್ನು ಒರೆಹಚ್ಚಲೇಬೇಕು.

ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸಲು ಜನ ಮಾತಾಡುವ ನೆಲವನ್ನೇ ತೋರಿಸಿತು. ಅದು ಹೆಸರಿಸಿದ ನಾಲ್ಕು ಊರುಗಳಲ್ಲೊಂದಾದ ಕೊಪಣವೇ ಇಂದಿನ ಕೊಪ್ಪಳ. ಬಾಳುವ ನೆಲೆಯಲ್ಲಿಯೇ ಪರೀಕ್ಷಿಸಬೇಕೆಂಬ ಆ ವಿವೇಕವನ್ನು ವಿಜ್ಞಾನವೂ ಬೇರೆ ದಾರಿಯಿಂದ ಬಂದು ಮುಟ್ಟಿದೆ.