ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ನಿಧಾನವೇ? ಯಾವಾಗ ನಿಧಾನವಾಗುತ್ತದೆ ಎಂಬುದನ್ನು ಮೊದಲು ನೋಡಿ

‘ಲಿನಕ್ಸ್‌ನಲ್ಲಿ ವಿಂಡೋಸ್ ಗೇಮ್ ಓಡುವುದೇ ಇಲ್ಲ’ ಎನ್ನುವವರಿದ್ದಾರೆ. ‘ಲಿನಕ್ಸ್ ಹಾಕಿದರೆ ಹಳೇ ಕಂಪ್ಯೂಟರ್ ರಾಕೆಟ್ ಆಗುತ್ತದೆ’ ಎನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜವಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಿಡಿಸದ ಯಂತ್ರಗಳಿಗೆ ಲಿನಕ್ಸ್ ಒಂದು ಒಳ್ಳೆಯ ದಾರಿ. ಆದರೆ ಗೇಮ್ ತಡವರಿಸಿದ ಕೂಡಲೇ ‘ಯಂತ್ರ ಹೋಯಿತು’ ಎಂದು ಮಾರುವ ಅಥವಾ ಹೊಸ ಬಿಡಿಭಾಗ ಕೊಳ್ಳುವ ಮುನ್ನ ಕಾರಣ ಹುಡುಕಬೇಕು. ಹೆಚ್ಚಿನ ಪರೀಕ್ಷೆಗಳಿಗೆ ಒಂದು ರೂಪಾಯಿಯೂ ಬೇಡ.

ಗೇಮ್ ಓಡುವುದು ಹೇಗೆ?

ವಿಂಡೋಸ್ ಗೇಮ್‌ನ ಮಾತು ಲಿನಕ್ಸ್‌ಗೆ ನೇರವಾಗಿ ಅರ್ಥವಾಗದು. ನಡುವೆ ಒಬ್ಬ ದುಭಾಷಿ ಬೇಕು. 1993ರಲ್ಲಿ ಶುರುವಾದ ‘ವೈನ್’ ಆ ಕೆಲಸ ಮಾಡುತ್ತದೆ. ಅದರ ಮೇಲೆ ಕಟ್ಟಿದ ‘ಪ್ರೋಟಾನ್’ ಅನ್ನು ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ತನ್ನ ಸ್ಟೀಮ್‌ಗೆ ಸೇರಿಸಿತು. ಅದರೊಳಗಿನ ‘ಡಿಎಕ್ಸ್‌ವಿಕೆ’ ಎಂಬ ಭಾಗ ವಿಂಡೋಸ್‌ನ ಚಿತ್ರದ ಆದೇಶಗಳನ್ನು ‘ವಲ್ಕನ್’ ಎಂಬ ಭಾಷೆಗೆ ತಿರುಗಿಸಿ ಗ್ರಾಫಿಕ್ಸ್ ಚಿಪ್‌ಗೆ ಕೊಡುತ್ತದೆ. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿಯುವ ಗೇಮ್ ಯಂತ್ರ ನಡೆಯುವುದೂ ಲಿನಕ್ಸ್ ಮತ್ತು ಪ್ರೋಟಾನ್ ಮೇಲೆಯೇ. ಹಾಗಾಗಿ ಗೇಮ್ ತೀರಾ ನಿಧಾನವಾದರೆ ತಪ್ಪನ್ನು ದುಭಾಷಿಯ ಮೇಲೆ ಹಾಕುವ ಮುನ್ನ ಬೇರೆ ಕಡೆ ನೋಡಬೇಕು.

ಮೊದಲು ಅಳೆಯಿರಿ

ಸ್ಟೀಮ್ ಸೆಟ್ಟಿಂಗ್ಸ್‌ನ ‘ಇನ್ ಗೇಮ್’ ವಿಭಾಗದಲ್ಲಿ ಎಫ್‌ಪಿಎಸ್ ತೋರಿಸುವ ಆಯ್ಕೆ ಇದೆ. ಎಫ್‌ಪಿಎಸ್ ಎಂದರೆ ಒಂದು ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತವೆ ಎಂಬ ಲೆಕ್ಕ. 60 ಬಂದರೆ ಆಟ ನುಣುಪು, 30ಕ್ಕಿಂತ ಕಡಿಮೆಯಾದರೆ ಕಣ್ಣಿಗೆ ತಡವರಿಕೆ ಗೊತ್ತಾಗುತ್ತದೆ. ‘ಮ್ಯಾಂಗೋಹಡ್’ ಎಂಬ ಉಚಿತ ಸಾಧನ ಹಾಕಿಕೊಂಡರೆ ಚಿಪ್‌ನ ಬಿಸಿಯೂ ಪರದೆಯ ಮೂಲೆಯಲ್ಲಿ ಕಾಣುತ್ತದೆ. ಆಮೇಲೆ ಒಂದೇ ಪ್ರಶ್ನೆ: ಗೇಮ್ ಯಾವಾಗ ನಿಧಾನವಾಗುತ್ತದೆ?

ಮೊದಲ ನಿಮಿಷದಿಂದಲೇ ನಿಧಾನವಾದರೆ

ಇದು ಹೆಚ್ಚಾಗಿ ಡ್ರೈವರ್ ಸಮಸ್ಯೆ. ಸೆಟ್ಟಿಂಗ್ಸ್‌ನ ‘ಅಬೌಟ್’ ಪುಟದಲ್ಲಿ ಗ್ರಾಫಿಕ್ಸ್ ಎಂಬ ಸಾಲು ನೋಡಿ. ಅಲ್ಲಿ ‘ಎಲ್ಎಲ್‌ವಿಎಂಪೈಪ್’ ಎಂದಿದ್ದರೆ ಗ್ರಾಫಿಕ್ಸ್ ಚಿಪ್ ಸುಮ್ಮನೆ ಕೂತಿದೆ, ಚಿತ್ರ ಬಿಡಿಸುವ ಕೆಲಸವನ್ನೂ ಪ್ರೊಸೆಸರ್ರೇ ಹೊತ್ತಿದೆ ಎಂದರ್ಥ. ಎನ್ವಿಡಿಯಾ ಕಾರ್ಡ್ ಇದ್ದರೆ ನಿಮ್ಮ ಲಿನಕ್ಸ್‌ನ ಡ್ರೈವರ್ ಮ್ಯಾನೇಜರ್ ತೆರೆದು ಕಂಪನಿಯ ಡ್ರೈವರ್ ಹಾಕಿ. ಎಎಂಡಿ, ಇಂಟೆಲ್‌ಗೆ ಸಿಸ್ಟಮ್ ಅಪ್‌ಡೇಟ್ ಮಾಡಿದರೆ ಸಾಮಾನ್ಯವಾಗಿ ಸಾಕು.

ಇಂಟೆಲ್ 3 ಮತ್ತು 4ನೇ ತಲೆಮಾರಿನ ಪ್ರೊಸೆಸರ್‌ಗಳೊಳಗಿನ ಗ್ರಾಫಿಕ್ಸ್‌ಗೆ ವಲ್ಕನ್ ಬೆಂಬಲ ಅಪೂರ್ಣ. 2022ರ ನವೆಂಬರ್‌ನಲ್ಲಿ ಬಂದ ಡಿಎಕ್ಸ್‌ವಿಕೆ 2.0 ಕನಿಷ್ಠ ವಲ್ಕನ್ 1.3 ಕೇಳುತ್ತದೆ. ಇಂಥ ಯಂತ್ರದಲ್ಲಿ ಸ್ಟೀಮ್‌ನ ಗೇಮ್ ಪ್ರಾಪರ್ಟೀಸ್‌ನೊಳಗಿನ ‘ಕಂಪ್ಯಾಟಿಬಿಲಿಟಿ’ಯಲ್ಲಿ ಪ್ರೋಟಾನ್ 7 ಅಥವಾ ಅದಕ್ಕಿಂತ ಹಳೆಯದನ್ನು ಆರಿಸಿ ನೋಡಬಹುದು. ಹೊಸ ಭಾರೀ ಗೇಮ್‌ಗಳು ಇಲ್ಲಿ ಓಡುವುದಿಲ್ಲ, ಹಳೆಯ ಹಗುರ ಗೇಮ್‌ಗಳು ಓಡಬಹುದು.

ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ಕುಸಿದರೆ

ಇದು ಬಿಸಿಯ ಲಕ್ಷಣ. ಯಾದಗಿರಿ, ಶಹಾಪುರ, ಸುರಪುರದವರು ಇದನ್ನೇ ಮೊದಲು ಅನುಮಾನಿಸಬೇಕು. ಕಂಪ್ಯೂಟರಿನ ಫ್ಯಾನ್ ಗಾಳಿಯನ್ನು ತಂಪು ಮಾಡುವುದಿಲ್ಲ, ಕೋಣೆಯ ಗಾಳಿಯನ್ನೇ ಚಿಪ್‌ನ ಮೇಲಿನ ಲೋಹದ ಪಟ್ಟಿಗಳಿಗೆ ಊದುತ್ತದೆ. ಕೋಣೆ 25 ಡಿಗ್ರಿ ಇದ್ದಾಗ ಚಿಪ್ 80 ಡಿಗ್ರಿ ಮುಟ್ಟುತ್ತದೆ ಎಂದುಕೊಳ್ಳಿ. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ, ತಗಡಿನ ಸೂರಿನ ಕೋಣೆ 42 ಡಿಗ್ರಿಗೆ ಏರಿದರೆ ಅದೇ ಚಿಪ್ ಸುಮಾರು 97ಕ್ಕೆ ಹೋಗುತ್ತದೆ. ಅನೇಕ ಪ್ರೊಸೆಸರ್‌ಗಳು 95–100 ಡಿಗ್ರಿ ಹತ್ತಿರ ಬಂದಾಗ ಸುಟ್ಟುಹೋಗದಂತೆ ತಾವೇ ವೇಗ ಇಳಿಸುತ್ತವೆ. ವಿಂಡೋಸ್ ಇದ್ದರೂ ಆಗುವುದು ಅದೇ.

ಪರೀಕ್ಷೆ ಸುಲಭ. ಅದೇ ಗೇಮ್‌ನ ಅದೇ ದೃಶ್ಯವನ್ನು ಬೆಳಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಅರ್ಧ ತಾಸು ಆಡಿ ಎಫ್‌ಪಿಎಸ್ ಬರೆದಿಡಿ. ಮಧ್ಯಾಹ್ನ ಮಾತ್ರ ಕುಸಿದರೆ ಬಿಸಿಲೇ ಕಾರಣ. ಯಂತ್ರ ಆರಿಸಿ, ಪ್ಲಗ್ ತೆಗೆದು ಫ್ಯಾನ್‌ನ ದೂಳು ಬಿಡಿಸಿ. ಲ್ಯಾಪ್‌ಟಾಪ್ ಅನ್ನು ಹಾಸಿಗೆ ಮೇಲಿಡಬೇಡಿ. ಗೇಮ್‌ನೊಳಗೆ ಎಫ್‌ಪಿಎಸ್ ಮಿತಿ 40 ಅಥವಾ 45ಕ್ಕೆ ಇಟ್ಟರೆ ಬಿಸಿ ಇಳಿಯುತ್ತದೆ, ಆಟವೂ ಒಂದೇ ಸಮನೆ ಸಾಗುತ್ತದೆ. ಐಸ್ ಇಡುವುದು, ಫ್ರಿಜ್‌ನಲ್ಲಿಡುವುದು, ನೀರಿನ ಕೂಲರ್ ಬಾಯಿಗೆ ಹಿಡಿಯುವುದು ಬೇಡ. ನೀರಿನ ಹನಿ ಬೋರ್ಡ್ ಮೇಲೆ ಕೂತರೆ ಶಾರ್ಟ್ ಆಗಬಹುದು.

ಹೊಸ ದೃಶ್ಯ ಬಂದಾಗ ಮಾತ್ರ ತಡವರಿಸಿದರೆ

ಹೊಸ ಜಾಗ, ಹೊಸ ಸ್ಫೋಟ ಕಂಡಾಗ ಅದರ ಚಿತ್ರದ ಸೂತ್ರವನ್ನು, ಅಂದರೆ ಶೇಡರ್ ಅನ್ನು, ಮೊದಲ ಸಲ ಸಿದ್ಧಪಡಿಸಬೇಕು. ಎರಡನೇ ಸಲ ತಡವರಿಕೆ ಕಡಿಮೆಯಾಗುತ್ತದೆ. ಸ್ಟೀಮ್ ‘ಶೇಡರ್ ಸಿದ್ಧವಾಗುತ್ತಿದೆ’ ಎಂದು ತೋರಿಸಿದಾಗ ಸ್ಕಿಪ್ ಒತ್ತದೆ ಕಾಯಿರಿ. ಗೇಮ್ ವಿಂಡೋಸ್‌ನ ಎನ್‌ಟಿಎಫ್ಎಸ್ ಡ್ರೈವ್‌ನಲ್ಲಿದ್ದರೂ ತೊಂದರೆ ಬರುತ್ತದೆ. ಲಿನಕ್ಸ್‌ನ ಸ್ವಂತ ಡ್ರೈವ್‌ಗೆ ಸರಿಸಿ.

ಕರೆಂಟ್ ಹೋದಾಗ ನಿಧಾನವಾದರೆ

ಬ್ಯಾಟರಿಯಲ್ಲಿ ಲ್ಯಾಪ್‌ಟಾಪ್ ವೇಗ ತಗ್ಗಿಸುವುದು ಸಹಜ. ಚಾರ್ಜರ್ ಹಾಕಿದ ಮೇಲೂ ‘ಪವರ್ ಸೇವರ್’ ಉಳಿದಿದ್ದರೆ ‘ಬ್ಯಾಲೆನ್ಸ್ಡ್’ ಅಥವಾ ‘ಪರ್ಫಾರ್ಮೆನ್ಸ್’ಗೆ ಬದಲಿಸಿ.

ಗೇಮ್ ತೆರೆಯುವುದೇ ಇಲ್ಲವೆಂದರೆ

ವೇಲೊರಂಟ್, ಫೋರ್ಟ್‌ನೈಟ್‌ನಂಥ ಆನ್‌ಲೈನ್ ಗೇಮ್‌ಗಳ ಮೋಸ ತಡೆ ವ್ಯವಸ್ಥೆ ಲಿನಕ್ಸ್ ಅನ್ನು ಒಪ್ಪುವುದಿಲ್ಲ. ಇದಕ್ಕೆ ‘ಟ್ರಿಕ್’ ಹುಡುಕಿದರೆ ಖಾತೆಯೇ ಬ್ಯಾನ್ ಆಗಬಹುದು. ಯಾವ ಗೇಮ್ ಹೇಗೆ ಓಡುತ್ತದೆ ಎಂದು ಬಳಕೆದಾರರೇ ಬರೆಯುವ ‘ಪ್ರೋಟಾನ್‌ಡಿಬಿ’ ತಾಣವನ್ನು ಇನ್‌ಸ್ಟಾಲ್‌ಗೆ ಮುನ್ನವೇ ನೋಡಿ.

ಈ ಎರಡನ್ನು ಫಾರ್ವರ್ಡ್ ಮಾಡಬೇಡಿ

ಒಂದು, ‘ಸುಡೊ’ ಎಂದು ಶುರುವಾಗುವ ಅರ್ಥವಾಗದ ಆದೇಶ. ಅದಕ್ಕೆ ಯಂತ್ರದ ಪೂರ್ಣ ಅಧಿಕಾರ ಸಿಗುತ್ತದೆ. ಒಂದು ತಪ್ಪು ಸಾಲು ಮನೆಯ ಫೋಟೊ, ಮಕ್ಕಳ ಪ್ರಾಜೆಕ್ಟ್ ಎಲ್ಲವನ್ನೂ ಅಳಿಸಬಲ್ಲದು. ಎರಡು, ‘ಮಿಟಿಗೇಷನ್ ಆಫ್ ಮಾಡಿ, ವೇಗ ಹೆಚ್ಚಿಸಿ’ ಎಂಬ ಸಲಹೆ. 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳಿಂದ ಕಾಯುವ ಗೋಡೆ ಅದು. ಅದೇ ಯಂತ್ರದಲ್ಲಿ ಬ್ಯಾಂಕ್ ಕೆಲಸವನ್ನೂ ಮಾಡುವವರು ಗೇಮ್‌ಗಾಗಿ ಆ ಗೋಡೆ ಕೆಡವಬಾರದು.

ಒಟ್ಟಿನಲ್ಲಿ: ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಎಫ್‌ಪಿಎಸ್ ಬರೆದಿಡಿ, ಹೋಲಿಸಿ. ಡ್ರೈವರ್, ಬಿಸಿ, ಪವರ್ ಮೋಡ್ ಮೂರೂ ಸರಿ ಇದ್ದ ಮೇಲೂ ಗೇಮ್ ಓಡದಿದ್ದರೆ ಮಾತ್ರ ಹಣ ಖರ್ಚು ಮಾಡುವ ಮಾತು.