ರಾಂಚಿಯ ರಾಜಭವನ, ರಾಯಚೂರಿನ ಪಹಣಿ

ರಾಯಚೂರು ಜಿಲ್ಲೆಯ ಏಳು ವಿಧಾನಸಭಾ ಕ್ಷೇತ್ರಗಳಲ್ಲಿ ರಾಯಚೂರು ಗ್ರಾಮೀಣ, ಮಾನ್ವಿ, ದೇವದುರ್ಗ ಮತ್ತು ಮಸ್ಕಿ ಪರಿಶಿಷ್ಟ ಪಂಗಡಕ್ಕೆ ಮೀಸಲು. 2008ರ ಪುನರ್ವಿಂಗಡಣೆಯಲ್ಲಿ ಲೋಕಸಭಾ ಕ್ಷೇತ್ರವೂ ಅದೇ ಪಟ್ಟಿಗೆ ಸೇರಿತು. ಮೀಸಲಾತಿಯಿಂದಲೇ ಇಲ್ಲಿನ ನಾಯಕ ಸಮುದಾಯದ ಮುಖಂಡರು ಮೇಲೆ ಬಂದರೆಂದು ಹೇಳುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಅರಕೇರಾದ ಎ. ವೆಂಕಟೇಶ ನಾಯಕ ರಾಯಚೂರಿನಿಂದ ಸಂಸತ್ತಿಗೆ ಆಯ್ಕೆಯಾಗುತ್ತಿದ್ದ ಕಾಲದಲ್ಲಿ, ಅಂದರೆ 1991ರಲ್ಲಿಯೂ 2004ರಲ್ಲಿಯೂ, ಅದು ಸಾಮಾನ್ಯ ಕ್ಷೇತ್ರವಾಗಿತ್ತು. ಬೇಡ, ನಾಯಕ, ವಾಲ್ಮೀಕಿ ಎಂಬ ಹೆಸರುಗಳು ರಾಜ್ಯದ ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದ್ದೂ 1991ರಲ್ಲಿಯೇ. ವೆಂಕಟೇಶ ನಾಯಕರು ಮುಂದೆ ದೇವದುರ್ಗದ ಶಾಸಕರಾದರು. 2015ರ ಆಗಸ್ಟ್‌ನಲ್ಲಿ ಆಂಧ್ರದ ರೈಲು ಅಪಘಾತದಲ್ಲಿ ತೀರಿಕೊಂಡರು.

ಹೀಗೆ ಇಲ್ಲಿನ ನಾಯಕ ಮುಖಂಡರು ಹಿಡಿದದ್ದು ವಿಧಾನಸೌಧದ, ಸಂಸತ್ತಿನ ದಾರಿ. ರಾಜಭವನದ ದಾರಿ ಹಿಡಿದ ಆದಿವಾಸಿ ನಾಯಕತ್ವವನ್ನು ನೋಡಲು ಜಾರ್ಖಂಡ್‌ಗೆ ಹೋಗಬೇಕು. ದ್ರೌಪದಿ ಮುರ್ಮು ಅಲ್ಲಿನ ರಾಜ್ಯಪಾಲರಾಗಿದ್ದ ಅವಧಿಯನ್ನು (2015ರಿಂದ 2021) ಕೃಷ್ಣಾ–ತುಂಗಭದ್ರಾ ದೋಆಬಿನಲ್ಲಿ ಕುಳಿತು ಓದಿದರೆ ಏನು ಕಾಣುತ್ತದೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೊದಲು ದೋಆಬಿನ ನೆನಪು. ಅಧಿಕಾರವಿಲ್ಲದ ಗದ್ದುಗೆ ಈ ಭಾಗಕ್ಕೆ ಹೊಸದಲ್ಲ. ನೆರೆಯ ಸುರಪುರದಲ್ಲಿ ರಾಜಾ ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಸಂಸ್ಥಾನದ ಲೆಕ್ಕಪತ್ರ, ಕಂದಾಯವೆಲ್ಲ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಉಸ್ತುವಾರಿಯಲ್ಲಿದ್ದವು. 1853ರಲ್ಲಿ ರಾಜನಿಗೆ ಆಡಳಿತ ಬಂತು. 1858ರ ಫೆಬ್ರುವರಿಯಲ್ಲಿ ಸುರಪುರ ಬ್ರಿಟಿಷರ ವಿರುದ್ಧ ದಂಗೆಯೆದ್ದಿತು, ಸೋತಿತು. ರಾಜನಿಗೆ ವಿಧಿಸಿದ ಮರಣದಂಡನೆ ಇಳಿದು ಕೊನೆಗೆ ನಾಲ್ಕು ವರ್ಷದ ಸೆರೆಯಾಯಿತು. ನಡತೆ ನೋಡಿ ಸಂಸ್ಥಾನವನ್ನು ಮರಳಿಸುವ ಮಾತೂ ಇತ್ತು. ಚೆಂಗಲ್‌ಪಟ್ಟಿಗೆ ಒಯ್ಯುವ ದಾರಿಯಲ್ಲಿಯೇ ರಾಜ ಗುಂಡೇಟಿಗೆ ಬಲಿಯಾದ. 1860ರಲ್ಲಿ ಸುರಪುರ ನಿಜಾಮನ ಪಾಲಾಯಿತು. ಕಂಪನಿ ಸರ್ಕಾರ 1853ರಲ್ಲಿ ನಿಜಾಮನಿಂದ ಕೈವಶ ಮಾಡಿಕೊಂಡಿದ್ದ ರಾಯಚೂರು ದೋಆಬೂ ಅದೇ ವರ್ಷ ಅವನಿಗೆ ಹಿಂತಿರುಗಿತು.

ಮುರ್ಮು ಅವರ ಬದುಕಿನ ಮೊದಲ ಭಾಗ ಇದಕ್ಕೆ ತೀರಾ ವಿರುದ್ಧವಾದ ದಿಕ್ಕಿನದು. ಅಲ್ಲಿ ಗದ್ದುಗೆಯಿಲ್ಲ, ಮನೆತನದ ಹೆಸರಿಲ್ಲ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಸಂತಾಲ ಕುಟುಂಬದಲ್ಲಿ 1958ರಲ್ಲಿ ಹುಟ್ಟಿದರು. ನೀರಾವರಿ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದರು, ಆಮೇಲೆ ರಾಯ್‌ರಂಗಪುರದಲ್ಲಿ ಶಿಕ್ಷಕಿ. 1997ರಲ್ಲಿ ಅದೇ ಊರಿನ ನಗರ ಪಂಚಾಯಿತಿಯ ಸದಸ್ಯೆಯಾದರು. 2000 ಮತ್ತು 2004ರಲ್ಲಿ ಶಾಸಕಿ, ನಡುವೆ ಮಂತ್ರಿ. ವಾರ್ಡಿನಿಂದ ಮೆಟ್ಟಿಲು ಹತ್ತಿ ಬಂದವರು.

ರಾಜ್ಯಪಾಲರ ಹುದ್ದೆಯನ್ನು ಅಲಂಕಾರದ ಹುದ್ದೆ ಎನ್ನುವುದು ವಾಡಿಕೆ. ಆ ಮಾತಿಗೆ ಒಂದು ಅಪವಾದ 2017ರಲ್ಲಿ ರಾಂಚಿಯಲ್ಲಿ ಸಿಕ್ಕಿತು. ಆದಿವಾಸಿಗಳ ಜಮೀನು ಪರಭಾರೆಯಾಗದಂತೆ ಕಾಯುವ ಕಾನೂನುಗಳು ಜಾರ್ಖಂಡ್‌ನಲ್ಲಿ ಎರಡಿವೆ: 1908ರ ಛೋಟಾನಾಗಪುರ ಗೇಣಿ ಕಾಯ್ದೆ, 1949ರ ಸಂತಾಲ ಪರಗಣ ಗೇಣಿ ಕಾಯ್ದೆ. ಕೃಷಿಭೂಮಿಯನ್ನು ಬೇರೆ ಉದ್ದೇಶಕ್ಕೆ ಬಳಸಲು ಹಾದಿ ಮಾಡಿಕೊಡುವ ತಿದ್ದುಪಡಿಗಳಿಗೆ 2016ರ ನವೆಂಬರಿನಲ್ಲಿ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಊರೂರುಗಳಿಂದ ರಾಜಭವನಕ್ಕೆ ಮನವಿಗಳು ಹರಿದುಬಂದವು. ಮುರ್ಮು ಅಂಕಿತ ಹಾಕದೆ ಮಸೂದೆಗಳನ್ನು ಮರುಪರಿಶೀಲನೆಗೆಂದು ಮರಳಿಸಿದರು. ಸರ್ಕಾರ ಅವರು ಹಿಂದೆ ಇದ್ದ ಪಕ್ಷದ್ದೇ. ಆಗಸ್ಟಿನ ಹೊತ್ತಿಗೆ ತಿದ್ದುಪಡಿಗಳನ್ನು ಹಿಂತೆಗೆದುಕೊಳ್ಳಲಾಯಿತು.

ಈ ಪ್ರಸಂಗವನ್ನು ಸಂವಿಧಾನದ ಐದನೆಯ ಅನುಸೂಚಿಯ ಗೆಲುವೆಂದು ಬರೆಯುವುದುಂಟು. ನನಗೆ ಹಾಗೆ ತೋರುವುದಿಲ್ಲ. ಒಂದು ಕಾನೂನು ಅನುಸೂಚಿತ ಪ್ರದೇಶಕ್ಕೆ ಅನ್ವಯಿಸದು ಎಂದು ಪ್ರಕಟಣೆ ಹೊರಡಿಸುವ ಅಧಿಕಾರ ಆ ಅನುಸೂಚಿಯಲ್ಲಿ ರಾಜ್ಯಪಾಲರಿಗಿದೆ, ನಿಜ. ಮುರ್ಮು ಹಿಡಿದದ್ದು ಅದನ್ನಲ್ಲ. ಮಸೂದೆ ಮರಳಿಸುವ 200ನೆಯ ವಿಧಿಯ ಅಧಿಕಾರವನ್ನು. ಅದು ಎಲ್ಲ ರಾಜ್ಯಗಳ ರಾಜ್ಯಪಾಲರಿಗೂ ಇರುವಂಥದ್ದು. ಸದನ ಮತ್ತೆ ಅಂಗೀಕರಿಸಿ ಕಳಿಸಿದ್ದರೆ ಅವರು ತಡೆಹಿಡಿಯುವಂತಿರಲಿಲ್ಲ. ಸರ್ಕಾರ ಕಳಿಸಲಿಲ್ಲ, ಏಕೆಂದರೆ ಹೊರಗೆ ಜನ ಎದ್ದು ನಿಂತಿದ್ದರು, ಒಳಗೆ ಮಸೂದೆ ಮರಳಿಸಿದವರು ಸಂತಾಲ ಮಹಿಳೆ. ಅಲಂಕಾರದ ಹುದ್ದೆಗೆ ತೂಕ ಬಂದದ್ದು ಈ ಎರಡೂ ಕೂಡಿದ್ದರಿಂದ.

ಆ ಕೂಡಿಕೆ ಎಲ್ಲೆಡೆ ಆಗುವುದಿಲ್ಲ. ಆಸ್ಟ್ರೇಲಿಯದ ಮೂಲನಿವಾಸಿ ಯೋರ್ಟಾ ಯೋರ್ಟಾ ಜನರ ಡಗ್ಲಸ್ ನಿಕೋಲ್ಸ್ ಫುಟ್‌ಬಾಲ್ ಆಟಗಾರ, ಪಾದ್ರಿ, ಹಕ್ಕುಗಳ ಹೋರಾಟಗಾರ. 1976ರ ಡಿಸೆಂಬರಿನಲ್ಲಿ ದಕ್ಷಿಣ ಆಸ್ಟ್ರೇಲಿಯದ ಗವರ್ನರ್ ಆದರು. ಅನಾರೋಗ್ಯದಿಂದ ಐದೇ ತಿಂಗಳಲ್ಲಿ ಕುರ್ಚಿ ಬಿಟ್ಟರು. ಅವರ ನಿಜವಾದ ಕೆಲಸ ಮುಗಿದದ್ದು ಗವರ್ನರ್ ಬಂಗಲೆಯ ಬಾಗಿಲು ತೆರೆಯುವ ಮೊದಲೇ.

ಇನ್ನು ರಾಯಚೂರು. ಕರ್ನಾಟಕದಲ್ಲಿ ಅನುಸೂಚಿತ ಪ್ರದೇಶವೇ ಇಲ್ಲ. ದೇವದುರ್ಗ, ಮಾನ್ವಿಗಳಲ್ಲಿ ನಾಯಕರು ಎಷ್ಟೇ ಇರಲಿ, ಐದನೆಯ ಅನುಸೂಚಿ ಇಲ್ಲಿಗೆ ಬರುವುದಿಲ್ಲ. ಬಂದಿರುವುದು ಸಂವಿಧಾನದ 371(ಜೆ) ವಿಧಿ. 2012ರ 98ನೆಯ ತಿದ್ದುಪಡಿಯಿಂದ ಈ ಭಾಗದ ಜಿಲ್ಲೆಗಳ ವಿಶೇಷ ಹೊಣೆಯನ್ನು ರಾಜ್ಯಪಾಲರಿಗೆ ವಹಿಸಲು ಅವಕಾಶವಾಯಿತು. ಸ್ಥಳೀಯರಿಗೆ ಈ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಎಂಬ 2013ರ ಆದೇಶ ಹೊರಟದ್ದು ಅವರ ಹೆಸರಿನಲ್ಲಿಯೇ. ಸೀಟಿಗಾಗಿ ‘371 ಜೆ ಸರ್ಟಿಫಿಕೇಟ್’ ಹಿಡಿದು ಓಡಾಡುವ ಹುಡುಗರಿಗೆ ಅದರ ಹಿಂದೆ ರಾಜಭವನವಿದೆ ಎಂಬುದು ಹೊಳೆಯುವುದು ಅಪರೂಪ. ಆದರೆ ಈ ವಿಧಿ ನೋಡುವುದು ಜಿಲ್ಲೆಯನ್ನು, ಪಂಗಡವನ್ನಲ್ಲ. ಹುದ್ದೆ, ಸೀಟು, ಅನುದಾನ ಅದರ ವ್ಯಾಪ್ತಿ. ಜಮೀನು ಅದರ ಹೊರಗೆ.

ಜಮೀನಿಗಿರುವುದು ಪರಿಶಿಷ್ಟ ಜಾತಿ, ಪಂಗಡಗಳ ಕೆಲವು ಜಮೀನುಗಳ ಪರಭಾರೆಯನ್ನು ನಿಷೇಧಿಸುವ 1978ರ ಪಿಟಿಸಿಎಲ್ ಕಾಯ್ದೆ. ಅದು ಕಾಯುವುದು ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಾತ್ರ. ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಮಾನ್ವಿಯ ನಾಯಕ ರೈತನೊಬ್ಬನಿಗೆ ಎರಡು ತುಂಡು ಗದ್ದೆ ಇದೆ ಎನ್ನಿ, ಒಂದು ಮಂಜೂರಾದದ್ದು, ಇನ್ನೊಂದು ತಾತನ ಪಿತ್ರಾರ್ಜಿತ. ಮೊದಲನೆಯದನ್ನು ಮಾರಲು ಸರ್ಕಾರದ ಪೂರ್ವಾನುಮತಿ ಬೇಕು. ಎರಡನೆಯದನ್ನು ಸಾಲ ಹೆಚ್ಚಾದ ವರ್ಷ ಯಾರಿಗೆ ಬೇಕಾದರೂ ಬರೆದುಕೊಡಬಹುದು. ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಪಂಗಡದ ಮಾತು ಏಳುವುದಿಲ್ಲ. ಛೋಟಾನಾಗಪುರದಲ್ಲಿ ಎರಡೂ ತುಂಡುಗಳ ಮೇಲೆ ಕಾನೂನಿನ ಕಾವಲಿರುತ್ತಿತ್ತು. ಮರಳಿಸಲು ಮುರ್ಮು ಅವರ ಮೇಜಿನ ಮೇಲೆ ಮಸೂದೆ ಬಂದದ್ದು ಆ ಕಾವಲು ಅಲ್ಲಿ ಮೊದಲೇ ಇದ್ದದ್ದರಿಂದ.