ಜೇಡ್ ಡಬ್ಬಿಯ ಹಿಂದಿನ ಕತೆ

ಇವತ್ತು ನಾನು ಹೇಳಹೊರಟಿರೋದು ಒಂದು ಪುಟ್ಟ ಡಬ್ಬಿಯ ಕತೆ. ನಮ್ಮ ಮನೆಗಳ ಕುಂಕುಮದ ಭರಣಿಯನ್ನ ನೆನಪು ಮಾಡ್ಕೊಳ್ಳಿ, ಹೆಚ್ಚೂಕಡಿಮೆ ಅಂಥದ್ದೇ. ಚೀನಾದ ವಿದ್ವಾಂಸರು, ಅಧಿಕಾರಿಗಳು ಬರೆಯೋ ಮೇಜಿನ ಮೇಲೆ ಜೇಡ್ ಕಲ್ಲಿನ ಇಂಥ ಡಬ್ಬಿ ಇಟ್ಟುಕೊಳ್ಳುತ್ತಿದ್ದರು. ಒಳಗೆ ಇರುತ್ತಿದ್ದದ್ದೂ ಕೆಂಪೇ: ಮುದ್ರೆ ಒತ್ತೋಕೆ ಇಂಗಲೀಕವನ್ನ ಎಣ್ಣೆಯಲ್ಲಿ ಕಲಸಿ ಮಾಡಿದ ಬಣ್ಣ.

1902ರಲ್ಲಿ ಹೀಬರ್ ಬಿಷಪ್ ಅನ್ನೋ ಉದ್ಯಮಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂಗೆ ಸಾವಿರಕ್ಕೂ ಹೆಚ್ಚು ಜೇಡ್ ವಸ್ತುಗಳನ್ನ ಕೊಟ್ಟರು. ಮುಚ್ಚಳವಿರೋ ಸಣ್ಣ ಡಬ್ಬಿಗಳೂ ಅದರಲ್ಲಿವೆ. ಮ್ಯೂಸಿಯಂಗಳಲ್ಲಿ ಇಂಥ ಡಬ್ಬಿಯ ಪಕ್ಕದ ಚೀಟಿ ಎರಡು ಸಾಲಲ್ಲೇ ಮುಗಿದುಹೋಗುತ್ತೆ: ಚೀನಾ, ಚಿಂಗ್ ರಾಜವಂಶ, 18ನೇ ಶತಮಾನ, ಜೇಡ್ ಕೆತ್ತನೆ. ನನಗೆ ಬೇಕಾದ ಕತೆ ಆ ಸಾಲುಗಳ ಆಚೆಗಿದೆ.

ಮೊದಲಿಗೆ, ಕೆತ್ತನೆ ಅನ್ನೋ ಮಾತೇ ಪೂರ್ತಿ ಸರಿಯಲ್ಲ. ನೆಫ್ರೈಟ್ ಅನ್ನೋ ಈ ಬಗೆಯ ಜೇಡ್‌ನಲ್ಲಿ ಸೂಕ್ಷ್ಮ ಎಳೆಗಳು ಕಂಬಳಿಯ ಹಾಗೆ ಹೆಣೆದುಕೊಂಡಿರುತ್ತವೆ. ಉಳಿಗೆ ಅದು ಜಗ್ಗಲ್ಲ. ಹಾಗಾಗಿ ಕುಶಲಕರ್ಮಿ ಕಾಲಲ್ಲಿ ತುಳಿದು ಚಕ್ರ ತಿರುಗಿಸಬೇಕು, ನೀರಲ್ಲಿ ನೆನೆಸಿದ ಗಡಸು ಮರಳನ್ನ ಕಲ್ಲಿನ ಮೇಲೆ ಹಾಕ್ತಾ ಹೋಗಬೇಕು. ಕಲ್ಲನ್ನ ಸವೆಸೋದು ಆ ಮರಳು. ಒಳಭಾಗ ಟೊಳ್ಳಾಗೋದು, ಮುಚ್ಚಳದ ಮೇಲೆ ಹೂ ಮೂಡೋದು ಎಲ್ಲಾ ಹಾಗೆ ಸವೆದೂ ಸವೆದೂ. ಹಾಗೆ ದುಡಿದವರಲ್ಲಿ ಬಹುತೇಕರ ಹೆಸರು ಎಲ್ಲೂ ಉಳಿದಿಲ್ಲ.

ಇನ್ನು, ಕಲ್ಲು ಎಲ್ಲಿಂದ ಬಂತು? ಆ ಕಾಲದ ಒಳ್ಳೆಯ ಜೇಡ್ ಸಿಗುತ್ತಿದ್ದದ್ದು ಬೀಜಿಂಗ್‌ನಿಂದ ಸಾವಿರಾರು ಕಿಲೋಮೀಟರ್ ದೂರದ ಖೋತಾನ್, ಯಾರ್ಕಂದ್‌ಗಳಲ್ಲಿ, ಅಂದ್ರೆ ಈಗಿನ ಶಿನ್‌ಜಿಯಾಂಗ್‌ನಲ್ಲಿ. 1759ರಲ್ಲಿ ಚಿಯೆನ್‌ಲಾಂಗ್ ಚಕ್ರವರ್ತಿಯ ಸೇನೆ ಆ ಸೀಮೆಯನ್ನ ಗೆದ್ದಿತು. ಆಮೇಲೆ ಕಲ್ಲು ಕಪ್ಪಕಾಣಿಕೆಯಾಗಿ ಅರಮನೆಗೆ ಹರಿದುಬಂತು. 18ನೇ ಶತಮಾನದ ಕೊನೆಯ ದಶಕಗಳಲ್ಲಿ ಜೇಡ್ ಕೆಲಸ ಅಷ್ಟು ಹೆಚ್ಚೋಕೆ ಆ ಯುದ್ಧವೂ ಕಾರಣ.

ಯಾರ್ಕಂದ್‌ನಲ್ಲಿ ಚಕ್ರವರ್ತಿ ನೇಮಿಸಿದ ಅಧಿಕಾರಿಯ ಹೆಸರು ಗಾವ್ ಪು. ರಾಣಿವಾಸದ ಸಂಬಂಧಿ, ಅವನ ಸೋದರತ್ತೆಯೇ ಚಕ್ರವರ್ತಿಯ ಪತ್ನಿಯರಲ್ಲಿ ಒಬ್ಬಳು. ಅವನು ಸಾವಿರಾರು ಸ್ಥಳೀಯರನ್ನ ಬೆಟ್ಟಕ್ಕೆ ಅಟ್ಟಿ ಜೇಡ್ ತೆಗೆಸಿದ, ಅದನ್ನ ಗುಟ್ಟಾಗಿ ಪೂರ್ವದ ಸುಝೌ ನಗರದ ಮಾರುಕಟ್ಟೆಗೆ ಸಾಗಿಸಿದ. ಅಲ್ಲಿಯ ಮುಸ್ಲಿಂ ಅಧಿಕಾರಿಯೊಬ್ಬ ದೂರು ಕೊಟ್ಟ. 1778ರಲ್ಲಿ ಗಾವ್ ಪುಗೆ ಮರಣದಂಡನೆ ಆಯ್ತು.

ನ್ಯಾಯ ಸಿಕ್ಕಿತು ಅನ್ನಿಸುತ್ತೆ ಅಲ್ವಾ? ಆದ್ರೆ ಕಲ್ಲು ಮಾತ್ರ ಬೆಟ್ಟದ ಜನರದ್ದಾಗಲಿಲ್ಲ. ಖಾಸಗಿ ಜೇಡ್ ವ್ಯಾಪಾರದ ಮೇಲಿನ ನಿಷೇಧ ಬಿಗಿಯಾಯ್ತು. ಅದು ಸಡಿಲವಾಗಿದ್ದು ಚಿಯೆನ್‌ಲಾಂಗ್ ತೀರಿಹೋದ 1799ರಲ್ಲಿ.

ಡಬ್ಬಿ ಚೆಂದ ಇದೆ, ಅದನ್ನ ನಾನು ಅಲ್ಲಗಳೆಯಲ್ಲ. ಆದ್ರೆ ಖೋತಾನ್, ಯಾರ್ಕಂದ್ ಅನ್ನೋ ಎರಡು ಊರ ಹೆಸರನ್ನ ಆ ಚೀಟಿಗೆ ಸೇರಿಸಿದ್ರೂ ಸಾಕು, ನೋಡೋರು ಇನ್ನೊಂದು ಪ್ರಶ್ನೆ ಕೇಳ್ತಾರೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.